ಮುನಾಚಿಯ ಕಾಲು ಯಾರ ಕಡೆಯದು

"ಈ ಕಾಲು ನಮ್ಮ ಒನಿಚಾದ್ದು," ಎಂದರು ಒನಿಚಾ ಅಜ್ಜಿ.

ಅವರು ಮುನಾಚಿಯ ಎಡಗಾಲನ್ನು ಮಡಿಲಲ್ಲಿ ಇಟ್ಟುಕೊಂಡು, ಮಾರ್ಕೆಟ್ಟಿನಲ್ಲಿ ಗೆಣಸು ಆರಿಸುವ ಹಾಗೆ ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಮುನಾಚಿ ಸೋಫಾದ ಮೇಲೆ ಅರ್ಧ ಮಲಗಿ, ಅರ್ಧ ಜಾರಿ, ಗಡಿಯಾರ ನೋಡುತ್ತಿದ್ದಳು.

"ಮಂಡಿಯಿಂದ ಕೆಳಗೆ ಬೇಕಾದ್ರೆ ನೀವೇ ಇಟ್ಕೊಳ್ಳಿ, ಬೀಗ್ತಿ," ಎಂದರು ಎದುರು ಕುರ್ಚಿಯಲ್ಲಿದ್ದ ಇಬಾದಾನ್ ಅಜ್ಜಿ. "ತೊಡೆ ನಮ್ಮದು. ಓಡೋದು ತೊಡೆಯಿಂದ."

"ಯಾರು ಹೇಳಿದ್ದು?"

"ನಮ್ಮ ರೊಟಿಮಿ. ಬೆಲ್ಜಿಯಮ್‌ನಲ್ಲಿ ಫುಟ್‌ಬಾಲ್ ಆಡ್ತಾನಲ್ಲ, ನನ್ನ ತಂಗಿ ಮಗ. ಟೀವಿಲಿ ಬಂದಿದ್ದ."

"ನೋಡ್ದೆ. ಒಳಗೆ ಬಂದ, ಒಬ್ಬನ್ನ ಬೀಳಿಸ್ದ, ರೆಡ್ ಕಾರ್ಡ್ ತಗೊಂಡ, ಹೋದ. ನಾನು ಕನ್ನಡಕ ಹುಡುಕಿ ಹಾಕ್ಕೊಳ್ಳೋ ಅಷ್ಟರಲ್ಲಿ ಅವನ ಆಟ ಮುಗೀತು."

"ಅವನು ಒಳಗಾದ್ರೂ ಬಂದ. ನಿಮ್ಮ ಚಿಡೂಬೆಮ್ ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಆಡ್ತಾನೆ ಅಂತೀರಿ. ನಾನು ನೋಡಿದಾಗೆಲ್ಲ ಬೆಂಚ್ ಮೇಲೆ ಕೂತಿರ್ತಾನೆ."

"ಅಮೆರಿಕದ ಬೆಂಚ್ ಕಣ್ರೀ ಅದು. ದಾರಿಲಿ ಹೋಗೋರನ್ನೆಲ್ಲ ಕೂರಿಸಲ್ಲ."

"ಅಜ್ಜಿ, ನಾನು ಶೂ ಹಾಕ್ಕೋಬೇಕು," ಎಂದಳು ಮುನಾಚಿ. ಕಾಲು ವಾಪಸು ಸಿಗಲಿಲ್ಲ.

ಒನಿಚಾ ಊರಿನ ಅಜ್ಜಿ ಅಪ್ಪನ ಅಮ್ಮ, ಇಗ್ಬೊ ಜನ. ಇಬಾದಾನ್ ಊರಿನ ಅಜ್ಜಿ ಅಮ್ಮನ ಅಮ್ಮ, ಯೊರುಬಾ ಜನ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಕಲಿಯುವ ಯೋಚನೆಯೂ ಇಬ್ಬರಿಗಿಲ್ಲ. ಹಾಗಾಗಿ ಅವರ ಜಗಳವೆಲ್ಲ ಇಂಗ್ಲಿಷಿನಲ್ಲಿ. ಕೋಪ ನೆತ್ತಿಗೇರಿದಾಗ ಮಾತ್ರ ತಂತಮ್ಮ ಭಾಷೆಗೆ ಹೋಗುತ್ತಾರೆ. ಇದರಿಂದ ಒಂದು ಉಪಕಾರವಾಗಿತ್ತು. ತೀರಾ ಕೆಟ್ಟ ಬೈಗುಳಗಳು ಬೈಸಿಕೊಂಡವರಿಗೆ ಅರ್ಥವಾಗುತ್ತಿರಲಿಲ್ಲ. ಮುನಾಚಿಗೆ ಅರ್ಥವಾಗುತ್ತಿದ್ದವು. ಎರಡೂ ಭಾಷೆಯ ಬೈಗುಳ ಬರುವ ಹುಡುಗಿ ಅವಳ ಕ್ಲಾಸಿನಲ್ಲಿ ಅವಳೊಬ್ಬಳೇ.

ಅವತ್ತು ಶಾಲೆಯಲ್ಲಿ ಸ್ಪೋರ್ಟ್ಸ್ ಡೇ. ನೂರು ಮೀಟರಿನಲ್ಲಾಗಲಿ, ಇನ್ನೂರು ಮೀಟರಿನಲ್ಲಾಗಲಿ ಫಸ್ಟ್ ಬಂದವರು ಲಾಗೋಸ್ ರಾಜ್ಯದ ಮೀಟ್‌ಗೆ ಹೋಗುತ್ತಾರೆ. ಅದು ನಡೆಯುವುದು ದೊಡ್ಡ ಸ್ಟೇಡಿಯಮ್‌ನಲ್ಲಿ. ಮುನಾಚಿ ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಅದರ ಗೇಟು ನೋಡಿದ್ದಾಳೆ. ಒಳಗೆ ಕೆಂಪು ಟ್ರ್ಯಾಕ್ ಇದೆಯಂತೆ, ಕಾಲಿಟ್ಟರೆ ಮೇಲಕ್ಕೆ ಚಿಮ್ಮುತ್ತದಂತೆ. ಅವಳ ಶಾಲೆಯ ಮೈದಾನದಲ್ಲಿ ಕಾಲಿಟ್ಟರೆ ಚಿಮ್ಮುವುದು ಧೂಳು ಮಾತ್ರ. ಆ ಟ್ರ್ಯಾಕಿನ ಮೇಲೆ ಓಡಬೇಕು ಎನ್ನುವುದು ಬಿಟ್ಟು ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ.

ಅಡ್ಡ ಇದ್ದವಳು ಒಬ್ಬಳೇ, ಟಾರಿ. ಉದ್ದ ಕಾಲು, ಕಮ್ಮಿ ಮಾತು. ಪ್ರಾಕ್ಟೀಸಿನಲ್ಲಿ ಒಂದು ದಿನ ಅವಳು ಮುಂದೆ, ಒಂದು ದಿನ ಇವಳು ಮುಂದೆ.

*

ಶಾಮಿಯಾನದಲ್ಲಿ ಇಬಾದಾನ್ ಅಜ್ಜಿ ಮೊದಲ ಸಾಲಿನಲ್ಲಿ ಕೂತರು. ಅವರ ತಲೆವಸ್ತ್ರವನ್ನು ಗಟ್ಟಿಯಾಗಿ ಮಡಿಸಿ ಮಡಿಸಿ ಡಿಶ್ ಆಂಟೆನಾದಷ್ಟು ಅಗಲ ಮಾಡಿದ್ದರು. ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಕುರ್ಚಿ ಎತ್ತಿಕೊಂಡು ಬೇರೆ ಕಡೆ ಹೋದರು. ಅವರ ಪಕ್ಕದಲ್ಲೇ ಒನಿಚಾ ಅಜ್ಜಿ. ದೂರ ಕೂತರೆ ಜಗಳಕ್ಕೆ ಕೂಗಬೇಕಾಗುತ್ತದಲ್ಲ.

ನೂರು ಮೀಟರ್ ಕರೆದರು.

ಮುನಾಚಿ ಗೆರೆಯ ಹಿಂದೆ ನಿಂತಳು. ಪಕ್ಕದಲ್ಲಿ ಟಾರಿ. "ಆನ್ ಯುವರ್ ಮಾರ್ಕ್ಸ್," ಎಂದರು ಪೀಟಿ ಮಾಡಿಸುವ ಎಫಿಯಾಂಗ್ ಸರ್. ಎಲ್ಲರೂ ಬಗ್ಗಿದರು. ಮುನಾಚಿ ಎರಡೂ ಕೈ ಗೆರೆಯ ಹಿಂದಿಟ್ಟು, ಒಂದು ಮಂಡಿ ನೆಲಕ್ಕೆ ಊರಿದಳು.

ಆಗಲೇ ಯಾರೋ ಟ್ರ್ಯಾಕಿನ ಪಕ್ಕಕ್ಕೆ ಕಟ್ಟಿದ್ದ ಹಗ್ಗ ಎತ್ತಿ ಒಳಗೆ ಬಂದ ಸದ್ದಾಯಿತು. ಬಟ್ಟೆ ಸರಸರ ಅಂದಿತು.

"ಅಜೊಕೆ," ಎಂದಿತು ಒಂದು ಧ್ವನಿ.

ಅವಳನ್ನು ಅಜೊಕೆ ಎಂದು ಕರೆಯುವವರು ಪ್ರಪಂಚದಲ್ಲಿ ಒಬ್ಬರೇ. ಇಬಾದಾನ್ ಅಜ್ಜಿ ಓಟದ ಗೆರೆಯ ಪಕ್ಕದಲ್ಲೇ ನಿಂತು ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ಒರಿಕಿ ಶುರು ಮಾಡಿದ್ದರು.

"ಅಜೊಕೆ, ಬೆಲೆ ಕೇಳದೆ ಕುದುರೆ ಕೊಂಡವರ ಮೊಮ್ಮಗಳೇ, ಬಾಗಿಲು ತೆರೆದಿಟ್ಟು ಊಟ ಮಾಡಿದವರ ಮನೆ ಮಗಳೇ..."

ಒರಿಕಿ ಎಂದರೆ ಮನೆತನದ ಹೊಗಳಿಕೆ. ಅಜ್ಜಿ ಊರಿಂದ ಬಂದಾಗೆಲ್ಲ ಬೆಳಗ್ಗೆ ಮುನಾಚಿ ಅವರ ಮುಂದೆ ಮಂಡಿಯೂರಿ ನಮಸ್ಕಾರ ಹೇಳಬೇಕು. ಅಜ್ಜಿ ಒರಿಕಿ ಹೇಳುತ್ತಾರೆ. ಮುಗಿಸಿ ಅವರು ಭುಜ ಮುಟ್ಟುವವರೆಗೂ ಏಳುವ ಹಾಗಿಲ್ಲ. ಒಂದು ಸಲ ಮಧ್ಯದಲ್ಲಿ ಎದ್ದದ್ದಕ್ಕೆ ಅಮ್ಮ ಅಡುಗೆಮನೆಯಿಂದಲೇ ಚಪ್ಪಲಿ ಎಸೆದಿದ್ದರು. ಗುರಿ ತಪ್ಪಿರಲಿಲ್ಲ.

ಸೀಟಿ ಕೂಗಿತು.

ಮುನಾಚಿಯ ತಲೆ "ಓಡು" ಎಂದಿತು. ಮಂಡಿ "ಇರು, ಇನ್ನೂ ಮುಗಿದಿಲ್ಲ" ಎಂದಿತು. ಐದು ವರ್ಷದಿಂದ ಬೆಳಗ್ಗೆ ಬೆಳಗ್ಗೆ ಪಾಠ ಕಲಿತದ್ದು ಮಂಡಿಯೇ, ತಲೆಯಲ್ಲ.

ಟಾರಿ ಎಬ್ಬಿಸಿದ ಧೂಳು ಮುಖಕ್ಕೆ ಬಡಿದಾಗ ಅವಳು ಎಚ್ಚೆತ್ತು ಎದ್ದು ಓಡಿದಳು. ಇಬ್ಬರನ್ನು ಹಿಂದೆ ಹಾಕಿದಳು, ಅಷ್ಟೆ. ಅವಳು ಓಟ ಮುಗಿಯುವ ಕಡೆಯ ಹಗ್ಗದ ಹತ್ತಿರ ಬರುವಾಗ ಟಾರಿ ಆಗಲೇ ನೀರು ಕುಡಿಯುತ್ತಿದ್ದಳು. ಇಬಾದಾನ್ ಅಜ್ಜಿ ಇನ್ನೂ ಕಣ್ಣು ತೆರೆದಿರಲಿಲ್ಲ. ಮುತ್ತಜ್ಜನ ಎರಡನೇ ಕುದುರೆಯ ವಿಷಯ ನಡೆಯುತ್ತಿತ್ತು.

*

"ಮಂಡಿ ಊರಿಸಿ ಊರಿಸಿ ಮಗೂನ ಹಾಳು ಮಾಡಿದ್ರಿ," ಎಂದರು ಒನಿಚಾ ಅಜ್ಜಿ. "ನಮ್ಮಲ್ಲಿ ಯಾರೂ ಯಾರ ಮುಂದೇನೂ ಮಂಡಿ ಊರಲ್ಲ. ನಿಂತ್ಕೊಂಡೇ ನಮಸ್ಕಾರ ಅಂತೀವಿ, ನಿಂತ ಹಾಗೇ ಓಡ್ತೀವಿ."

"ನಾನೇನು ಅವಳ ಕಾಲು ಹಿಡ್ಕೊಂಡಿದ್ನಾ? ನಮ್ಮ ಮನೆ ಕಾಲಾಗಿದ್ರೆ ಸೀಟಿಗೆ ಮುಂಚೆ ಏಳ್ತಿತ್ತು. ಆ ಕಾಲು ನಿಮ್ಮ ಕಡೇದೇ, ಬೀಗ್ತಿ. ಬೆಂಚ್ ಮೇಲೆ ಕೂತು ಅಭ್ಯಾಸ."

"ನಮ್ಮದಾ? ಆ ದಪ್ಪ ತೊಡೆ ನಮ್ಮ ಕುಟುಂಬದಲ್ಲಿ ಯಾರಿಗಿದೆ, ತೋರಿಸಿ."

"ಬೆಳಗ್ಗೆ ನೀವೇ ನಮ್ಮದು ಅಂದ್ರಿ."

"ಬೆಳಗ್ಗೆ ಕನ್ನಡಕ ಹಾಕಿರ್ಲಿಲ್ಲ."

ಮುನಾಚಿ ನೆಲದ ಮೇಲೆ ಕೂತು ಕಾಲು ಚಾಚಿಕೊಂಡಿದ್ದಳು. ಬೆಳಗ್ಗೆ ಇಬ್ಬರೂ ಹಂಚಿಕೊಂಡಿದ್ದ ಕಾಲು ಈಗ ಯಾರಿಗೂ ಬೇಡವಾಗಿತ್ತು. ಮಂಡಿಯ ಮೇಲೆ ದುಂಡಗೆ ಮಣ್ಣು ಮೆತ್ತಿತ್ತು. ಅಮ್ಮ ಡಬ್ಬಿ ತೆರೆದು ಕೋಳಿ, ಜೊಲೊಫ್ ಅನ್ನ ಬಡಿಸಿದರು. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಉಳಿದದ್ದು ಇನ್ನೂರು ಮೀಟರ್ ಒಂದೇ. ಅಜ್ಜಿ ಮತ್ತೆ ಬರುತ್ತಾರೆ. ಮತ್ತೆ ಕುದುರೆ ಬರುತ್ತದೆ.

"ಅಮ್ಮಾ, ಶುರು ಮಾಡ್ಬೇಡಿ ಅಂತ ಅಜ್ಜಿಗೆ ಹೇಳು," ಎಂದು ಪಿಸುಗುಟ್ಟಿದಳು.

"ನಾನಾ? ಅವರು ನನ್ನಮ್ಮ ಕಣೇ. ನಾನೂ ಮಂಡಿ ಊರಿ ಹೇಳ್ಬೇಕು. ಆಮೇಲೆ ನನ್ನ ಒರಿಕಿ ಶುರುವಾಗುತ್ತೆ. ನಂದು ನಿಂದಕ್ಕಿಂತ ಉದ್ದ."

"ಅಪ್ಪಾ?"

"ಕಾರ್ ಪಾರ್ಕಿಂಗ್ ಸರಿಯಿದ್ಯಾ ನೋಡ್ಕೊಂಡು ಬರ್ತೀನಿ," ಎಂದು ಅಪ್ಪ ಎದ್ದು ಹೋದರು. ಅವರು ಬಂದದ್ದು ಟ್ಯಾಕ್ಸಿಯಲ್ಲಿ.

ಮುನಾಚಿ ಎಫಿಯಾಂಗ್ ಸರ್ ಹತ್ತಿರ ಹೋದಳು. "ಸರ್, ನಾನು ನಿಂತ್ಕೊಂಡೇ ಸ್ಟಾರ್ಟ್ ತಗೋಬಹುದಾ? ಮಂಡಿ ಊರ್ದೆ?"

"ತಗೋ. ಅಲ್ಲೇ ಎರಡು ಹೆಜ್ಜೆ ಹಿಂದೆ ಬೀಳ್ತೀಯ. ಟಾರಿ ಜೊತೆ ಎರಡು ಹೆಜ್ಜೆ ದಾನ ಮಾಡೋಷ್ಟು ದೊಡ್ಡವಳಾಗಿದ್ದೀಯಾ?"

ಆಗಿರಲಿಲ್ಲ.

ಅವಳು ವಾಪಸು ಬಂದು ಇಬಾದಾನ್ ಅಜ್ಜಿಯ ಮುಂದೆ ನಿಂತಳು. ಅಭ್ಯಾಸಬಲದಿಂದ ಮಂಡಿ ಮಡಚಿಕೊಂಡಿತು. ಅಜ್ಜಿ ಬಾಯಿ ತೆರೆದರು.

"ಅಜ್ಜಿ, ಒಂದು ನಿಮಿಷ. ಅವಾಗ ನಾನು ಯಾಕೆ ಏಳಲಿಲ್ಲ ಗೊತ್ತಾ?"

"ನೀನು ಸ್ವಲ್ಪ ನಿಧಾನ, ಅದಕ್ಕೆ."

"ನಾನು ನಿಧಾನ ಅಲ್ಲ. ನೀವು ಒರಿಕಿ ಹೇಳ್ತಿದ್ರಿ. ಅದು ಮುಗಿಯೋವರೆಗೂ ಏಳ್ಬಾರ್ದಲ್ಲ. ನೀವು ಭುಜಾನೂ ಮುಟ್ಟಲಿಲ್ಲ."

ಅಜ್ಜಿಯ ಬಾಯಿ ತೆರೆದೇ ಇತ್ತು. ಪಕ್ಕದಲ್ಲಿ ಒನಿಚಾ ಅಜ್ಜಿ ಕೋಳಿ ಅಗಿಯುವುದನ್ನು ನಿಲ್ಲಿಸಿದರು.

"ಅಯ್ಯೋ ಪೆದ್ದಿ," ಎಂದರು ಇಬಾದಾನ್ ಅಜ್ಜಿ. "ಅದು ಮನೇಲಿ. ಇದು ಮೈದಾನ. ನಮ್ಮಪ್ಪ ಕುಸ್ತಿ ಆಡ್ತಿದ್ದ. ಅವನು ಕೆಳಗೆ ಬಿದ್ದ ಅಂದ್ರೆ ನಮ್ಮಜ್ಜಿ ಪಕ್ಕಕ್ಕೆ ಹೋಗಿ ಒರಿಕಿ ಹೇಳ್ತಿದ್ಲು. ಕೇಳಿದ ತಕ್ಷಣ ಅವನು ಎದ್ದು ನಿಲ್ತಿದ್ದ. ಇವಳ್ಯಾಕೆ ನೆಲದ ಮೇಲೆ ಕೂತಿದ್ದಾಳೆ, ಏಳಲಿ ಅಂತಾನೇ ನಾನು ಹೇಳಿದ್ದು."

"ಏಳಲಿ ಅಂತಾನಾ?"

"ಮತ್ತಿನ್ನೇನು, ಮಲಗಲಿ ಅಂತಾನಾ?"

"ಇದನ್ನ ಮಗೂಗೆ ಮುಂಚೆ ಯಾರಾದ್ರೂ ಹೇಳಿದ್ರಾ?" ಎಂದು ಒನಿಚಾ ಅಜ್ಜಿ ಕೇಳಿದರು.

"ಇದನ್ನೂ ಹೇಳ್ಬೇಕಾ? ರಕ್ತದಲ್ಲಿ ಬರಬೇಕು."

"ಅರ್ಧ ರಕ್ತ ನಮ್ಮದು, ಬೀಗ್ತಿ. ಆ ಅರ್ಧಕ್ಕೆ ಯಾರು ಹೇಳ್ಬೇಕು?"

ಇಬಾದಾನ್ ಅಜ್ಜಿ ತಲೆವಸ್ತ್ರ ಸರಿಮಾಡಿಕೊಂಡು, "ಈ ಸಲ ನಾನು ಬಾಯೇ ತೆರೆಯಲ್ಲ, ಹೋಗು," ಎಂದರು.

*

ಇನ್ನೂರು ಮೀಟರ್ ಶುರುವಾಗುವುದು ಮೈದಾನದ ಆ ತುದಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ. ಅಲ್ಲಿಂದ ತಿರುವು ಸುತ್ತಿ ಶಾಮಿಯಾನದ ಮುಂದೆ ಬಂದು ಮುಗಿಯುತ್ತದೆ. ಬುದ್ಧಿ ಇದ್ದವರೆಲ್ಲ ಮುಗಿಯುವ ಕಡೆ ನಿಂತರು. ಅಜ್ಜಿಯರಿಬ್ಬರೂ ಬಿಸಿಲಿನಲ್ಲಿ ನಡೆದುಕೊಂಡು ಟ್ಯಾಂಕಿನ ಹತ್ತಿರ ಬಂದರು.

"ನೀವ್ಯಾಕೆ ಬಂದ್ರಿ?" ಎಂದು ಇಬಾದಾನ್ ಅಜ್ಜಿ ಕೇಳಿದ್ದು ಮುನಾಚಿಗೆ ಕೇಳಿಸಿತು.

"ನಿಮ್ಮ ಬಾಯಿ ಕಾಯೋದಕ್ಕೆ."

"ಆನ್ ಯುವರ್ ಮಾರ್ಕ್ಸ್."

ಮುನಾಚಿ ಮಂಡಿ ಊರಿದಳು. ಹಿಂದೆ ಇಬಾದಾನ್ ಅಜ್ಜಿ ಸೆರಗಿನಂತೆ ಹೊದ್ದ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದರು. ಟಾರಿ ಮೂಗಿನಿಂದ ಉಸಿರು ಬಿಟ್ಟಳು.

"ಗೆಟ್ ಸೆಟ್."

ಆ ಬಟ್ಟೆ ಹೊರಗೆ ಬಂದೇಬಿಟ್ಟಿತು.

"ಅಜೊಕೆ, ಬೆಲೆ ಕೇಳದೆ ಕುದುರೆ ಕೊಂಡವರ..."

ಮಂಡಿ ಒಂದು ಗಳಿಗೆ ನೆಲಕ್ಕೆ ಅಂಟಿತು. ಆಮೇಲೆ ಮುನಾಚಿ ಒಬ್ಬ ಕುಸ್ತಿಯವನನ್ನು ನೆನೆದಳು. ಅವನ ಮುಖ ಅವಳು ನೋಡಿಲ್ಲ. ಮೈಯೆಲ್ಲ ಮಣ್ಣು, ಮೇಲೆ ಇನ್ನೊಬ್ಬ ಕೂತಿದ್ದಾನೆ, ಪಕ್ಕದಲ್ಲಿ ಒಬ್ಬಳು ಮುದುಕಿ ಬಾಯಿ ಬಡಿದುಕೊಳ್ಳುತ್ತಿದ್ದಾಳೆ. ಅವಳು ಮಂಡಿ ಎತ್ತಿದಳು. ಸೀಟಿ ಕೂಗಿತು.

ತಿರುವಿನಲ್ಲಿ ಟಾರಿ ಮುಂದಿದ್ದಳು. ಮುನಾಚಿಗೆ ಹಿಂದಿನಿಂದ ಎರಡು ಧ್ವನಿ ಕೇಳುತ್ತಿತ್ತು. ಒಂದು ಕುದುರೆಯದು, ಇನ್ನೊಂದು ಒನಿಚಾ ಅಜ್ಜಿಯದು. ಎರಡನೆಯದು ಅವಳನ್ನು ಓಡು ಎನ್ನುತ್ತಿತ್ತೋ, ಮೊದಲನೆಯದನ್ನು ಸುಮ್ಮನಿರು ಎನ್ನುತ್ತಿತ್ತೋ ಗೊತ್ತಾಗಲಿಲ್ಲ. ತಿರುವು ದಾಟಿದ ಮೇಲೆ ಎರಡೂ ಕೇಳಿಸಲಿಲ್ಲ. ಆಮೇಲೆ ಉಸಿರು, ಹೆಜ್ಜೆ, ಟಾರಿಯ ಬೆನ್ನು. ಟಾರಿಯ ಭುಜ. ಟಾರಿಯ ಕಿವಿ. ಹಗ್ಗ ಎದೆಗೆ ತಗುಲಿದಾಗ ಟಾರಿ ಅವಳ ಕಣ್ಣಿಗೆ ಕಾಣಿಸುತ್ತಿರಲಿಲ್ಲ.

"ಶನಿವಾರ ಸ್ಟೇಡಿಯಮ್," ಎಂದರು ಎಫಿಯಾಂಗ್ ಸರ್. "ಇಬ್ಬರೂ ಕಾಲುಗುರು ಕತ್ತರಿಸ್ಕೊಂಡು ಬನ್ನಿ."

"ಅಲ್ಲಿ ನೋಡ್ಕೋತೀನಿ ನಿನ್ನ," ಎಂದಳು ಟಾರಿ, ಇಷ್ಟು ದಿನದಲ್ಲಿ ಅವಳಾಡಿದ ಅತಿ ಉದ್ದದ ಮಾತು.

ಅಮ್ಮ ಕುಣಿಯುತ್ತಿದ್ದರು. ಅಪ್ಪ ಎಲ್ಲಿಂದಲೋ ತಣ್ಣನೆಯ ಮಾಲ್ಟ್ ಶರಬತ್ತಿನ ಬಾಟಲಿ ಹಿಡಿದು ಪ್ರತ್ಯಕ್ಷರಾದರು. ಮುನಾಚಿ ಅದನ್ನು ತೆಗೆದುಕೊಂಡು, ಬಂದ ದಾರಿಯಲ್ಲೇ ಮೈದಾನ ಸುತ್ತಿ ನಡೆದಳು.

ಟ್ಯಾಂಕಿನ ಹಿಂದೆ ಜಗಳ ಜೋರಾಗಿ ನಡೆದಿತ್ತು.

"ನನ್ನ ಬಾಯಿಂದ ಎದ್ದಳು."

"ನಿಮ್ಮ ಬಾಯಿಗೆ ಹೆದರಿ ಎದ್ದಳು. ಎದ್ದಿದ್ದು ಎರಡು ಕಾಲಿನ ಮೇಲೆ, ಅದರಲ್ಲಿ ಒಂದು ನಮ್ಮದು."

ಅವಳನ್ನು ಕಂಡು ಇಬ್ಬರೂ ಮಾತು ನಿಲ್ಲಿಸಿದರು.

"ಏನಾಯ್ತೇ?" ಎಂದರು ಒನಿಚಾ ಅಜ್ಜಿ. "ಈ ಹಾಳು ಟ್ಯಾಂಕು ಅಡ್ಡ. ತಿರುವು ದಾಟಿದ ಮೇಲೆ ಏನೂ ಕಾಣಲಿಲ್ಲ."

"ಯಾರು ಫಸ್ಟು?" ಎಂದರು ಇಬಾದಾನ್ ಅಜ್ಜಿ.

ಮುನಾಚಿ ಹೇಳಲು ಬಾಯಿ ತೆರೆದವಳು ಹಾಗೇ ನಿಂತಳು. ಇಬ್ಬರೂ ಅವಳ ಕಾಲು ನೋಡುತ್ತಿರಲಿಲ್ಲ. ಮುಖ ನೋಡುತ್ತಿದ್ದರು. ತಿರುವಿನ ಆಚೆ ಏನು ನಡೆಯಿತು ಎನ್ನುವುದು ಈ ಇಬ್ಬರಿಗೂ ಗೊತ್ತಿರಲಿಲ್ಲ. ಅದು ಒನಿಚಾದಲ್ಲೂ ನಡೆದಿರಲಿಲ್ಲ, ಇಬಾದಾನ್‌ನಲ್ಲೂ ನಡೆದಿರಲಿಲ್ಲ.

ಟ್ಯಾಂಕಿನ ನೆರಳಿನ ಕಟ್ಟೆಯ ಮೇಲೆ ಇಬ್ಬರ ಮಧ್ಯೆ ಸ್ವಲ್ಪ ಜಾಗವಿತ್ತು.

"ಸರೀರಿ," ಎಂದಳು. ಇಬ್ಬರೂ ಸರಿದರು.

ಅವಳು ಕೂತು, ಮಾಲ್ಟಿನ ಮುಚ್ಚಳ ತೆಗೆದು, ಒಂದು ದೊಡ್ಡ ಗುಟುಕು ಕುಡಿದಳು. ಅವಸರವೇನೂ ಇರಲಿಲ್ಲ.

"ಮೊದಲಿಂದ ಹೇಳ್ತೀನಿ," ಎಂದಳು. "ಮಧ್ಯದಲ್ಲಿ ಇಬ್ಬರೂ ಮಾತಾಡ್ಬಾರ್ದು."

ಅಜ್ಜಿಯರು ತಲೆಯಾಡಿಸಿದರು.