ಪೂಜೆಗಿಟ್ಟ ಸ್ಪ್ಯಾನರ್

“ಹಾರ್ನ್ ಹೊಡಿಯಪ್ಪಾ!” ಅಂದಳು ತನ್ಮಯಿ.

“ಹೊಡೀತಾನೇ ಇದೀನಿ ಕಣೇ. ಕೂಗ್ತಾನೇ ಇಲ್ಲ!”

ಅಪ್ಪ ಸ್ಟೀರಿಂಗಿನ ನಡುವೆ ಮತ್ತೊಮ್ಮೆ ಅಂಗೈ ಒತ್ತಿದರು. ಸದ್ದಿಲ್ಲ.

ಕಾಕ್ಸ್ ಟೌನಿನ ಬೇಕರಿ ಮುಂದಿನ ಹಂಪ್ ಹಾರಿದ್ದೇ ತಡ, ಕಾರು ನಿಂತುಬಿಟ್ಟಿತ್ತು. ಹಾಡು ಅರ್ಧಕ್ಕೇ ನಿಂತಿತು. ಎ.ಸಿ. ನಿಂತಿತು. ಕೀ ತಿರುಗಿಸಿದರೆ ‘ಟಿಕ್’ ಅನ್ನುವ ಶಬ್ದವೂ ಇಲ್ಲ. ಯಾವಾಗಲೂ ಹಸಿರಾಗಿ ಹೊಳೆಯುತ್ತಿದ್ದ ಪುಟ್ಟ ಗಡಿಯಾರ ಕೂಡ ಕಪ್ಪಾಗಿತ್ತು.

ಹಿಂದಿದ್ದ ಆಟೊದವನು ತಲೆ ಹೊರಗೆ ಹಾಕಿದ. “ಏನ್ ಸಾರ್, ಇಲ್ಲೇ ಮನೆ ಕಟ್ತೀರಾ?”

ಹಾಗೆ ರೇಗಿಸಿದವನೇ ಇಳಿದು ಬಂದು ಕಾರನ್ನು ಪಕ್ಕಕ್ಕೆ ತಳ್ಳಿಕೊಟ್ಟ.

ಅಪ್ಪ ಅಫ್ತಾಬ್ ಅಂಕಲ್‌ಗೆ ಫೋನ್ ಮಾಡಿದರು. ಶಿವಾಜಿನಗರದಲ್ಲಿ ಅವರ ಗ್ಯಾರೇಜು. ತನ್ಮಯಿ ಹುಟ್ಟುವುದಕ್ಕೂ ಮೊದಲಿನಿಂದ ಈ ಕಾರನ್ನು ನೋಡಿಕೊಳ್ಳುತ್ತಿರುವವರು ಅವರೇ. ಕಾಲು ಗಂಟೆಯಲ್ಲಿ ಸ್ಕೂಟರಿನಲ್ಲಿ ಬಂದರು.

ತನ್ಮಯಿಗೆ ಅವರು ಕೆಲಸ ಮಾಡುವುದನ್ನು ನೋಡುವುದೆಂದರೆ ಬಹಳ ಇಷ್ಟ. ಅವರು ಹೆಚ್ಚು ಮಾತಾಡುವುದಿಲ್ಲ. ಬಂದ ಕೂಡಲೇ ಸಾಮಾನು ಬಿಚ್ಚುವುದೂ ಇಲ್ಲ. ಬಾನೆಟ್ ಮೇಲೆ ಕೈಯಿಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲುತ್ತಾರೆ, ಅಮ್ಮ ಅವಳ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.

“ಹಾರ್ನ್?”

“ಇಲ್ಲ,” ಅಂದರು ಅಪ್ಪ.

“ಲೈಟು?”

“ಏನೂ ಇಲ್ಲ ಭಾಯ್. ಇಂಡಿಕೇಟರೂ ಇಲ್ಲ.”

“ಗಡಿಯಾರ?”

“ಅದೂ ಆಫ್ ಆಗಿದೆ ಅಂಕಲ್,” ಅಂದಳು ತನ್ಮಯಿ.

ಅಫ್ತಾಬ್ ಅಂಕಲ್ ಅವಳ ಕಡೆ ನೋಡಿ ತಲೆಯಾಡಿಸಿದರು. “ಎಲ್ಲಾ ಒಟ್ಟಿಗೆ ಹೋಗಿದೆ ಅಂದ್ರೆ ಎಲ್ಲಾ ಶುರುವಾಗೋ ಜಾಗದಲ್ಲೇ ಏನೋ ಆಗಿದೆ, ಬೇಟಾ.”

ಎಲ್ಲಾ ಶುರುವಾಗುವ ಜಾಗ. ಬ್ಯಾಟರಿ!

ತನ್ಮಯಿಗೆ ತಟ್ಟನೆ ನೆನಪಾಯಿತು.

ಆಯುಧಪೂಜೆಯ ದಿನ ಅಪ್ಪ ಕಾರು ತೊಳೆಯುವಾಗ ಅವಳಿಗೆ ಬಾನೆಟ್ಟಿನೊಳಗೆ ಒರೆಸುವ ಕೆಲಸ ಸಿಕ್ಕಿತ್ತು. ಬ್ಯಾಟರಿಗೆ ತಂತಿ ಸೇರುವ ಕಡೆ ಬಿಳಿ ಪುಡಿ ಕಟ್ಟಿತ್ತು. ಅಫ್ತಾಬ್ ಅಂಕಲ್ ಮಾಡುವುದನ್ನು ಎಷ್ಟು ಸಲ ನೋಡಿದ್ದಳೋ! ಯಾರಿಗೂ ಹೇಳದೆ ತಾನೇ ಸ್ಪ್ಯಾನರ್ ಹಿಡಿದು ನಟ್ ಸಡಿಲಿಸಿ, ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿದ್ದಳು.

ಅಷ್ಟರಲ್ಲಿ ಅಮ್ಮ ಬಂದು ಸ್ಪ್ಯಾನರು, ಸುತ್ತಿಗೆ, ಕತ್ತರಿ ಎಲ್ಲವನ್ನೂ ಬಾಚಿಕೊಂಡು ಹೋಗಿ ಪೂಜೆಗೆ ಇಟ್ಟುಬಿಟ್ಟರು. ಕುಂಕುಮ ಹಚ್ಚಿದ ಮೇಲೆ ಮಾರನೇ ದಿನದವರೆಗೆ ಅವನ್ನು ಮುಟ್ಟುವ ಹಾಗಿಲ್ಲ. ತನ್ಮಯಿ ನಟ್ಟನ್ನು ಬೆರಳಲ್ಲೇ ತಿರುಗಿಸಿದಳು. ಮೇಲೆ ಒಂದು ಸೇವಂತಿಗೆ ಸಿಕ್ಕಿಸಿದಳು. ನಾಳೆ ಸ್ಪ್ಯಾನರ್ ಸಿಕ್ಕಮೇಲೆ ಬಿಗಿ ಮಾಡೋಣ ಅಂದುಕೊಂಡಳು.

ಆ ನಾಳೆ ಬಂದು ಹೋಗಿ ಎಂಟು ದಿನ ಆಗಿತ್ತು.

ಇಂಡಿಕೇಟರ್ ಕೆಲಸ ಮಾಡದ್ದರಿಂದ ಅಪ್ಪ ಕಾರಿನ ಹಿಂದೆ ನಿಂತು ಬರುವ ಗಾಡಿಗಳಿಗೆ ಕೈ ಬೀಸುತ್ತಿದ್ದರು. ಅಫ್ತಾಬ್ ಅಂಕಲ್ ಬಾನೆಟ್ ಎತ್ತಿ, ಬ್ಯಾಟರಿಯ ತಂತಿಯನ್ನು ಎರಡು ಬೆರಳಲ್ಲಿ ಹಿಡಿದರು. ಅದು ಸಲೀಸಾಗಿ ಅಲುಗಾಡಿತು. ಅದರ ಸಂದಿನಿಂದ ಒಣಗಿದ ಹಳದಿ ಎಸಳೊಂದನ್ನು ಎಳೆದು ತೆಗೆದರು.

ಎಸಳನ್ನು ನೋಡಿದರು. ಆಮೇಲೆ ತನ್ಮಯಿಯ ಮುಖ ನೋಡಿದರು. ಎಸಳನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು.

“ಏನಾಗಿದೆ?” ಅಪ್ಪ ಬೆವರು ಒರೆಸುತ್ತಾ ಬಂದರು.

“ಟರ್ಮಿನಲ್ ಲೂಸ್ ಆಗಿತ್ತು ಸರ್.”

“ಲೂಸಾ? ಹಬ್ಬಕ್ಕೆ ಮುಂಚೆ ನೀವೇ ತಾನೇ ಸರ್ವಿಸ್ ಮಾಡಿದ್ದು? ಫ್ಲೈಓವರ್ ಮೇಲೆ ನಿಂತಿದ್ರೆ ಏನ್ ಗತಿ? ಮಗು ಬೇರೆ ಒಳಗಿದ್ಲು. ಹಿಂಗಾದ್ರೆ ನಾನು ಬೇರೆ ಗ್ಯಾರೇಜ್ ನೋಡ್ಕೋಬೇಕಾಗುತ್ತೆ, ಅಷ್ಟೇ.”

ಅಫ್ತಾಬ್ ಅಂಕಲ್ ತಲೆಯೆತ್ತಲಿಲ್ಲ. ಚೀಲದೊಳಗೆ ಕೈಹಾಕಿ ಸ್ಪ್ಯಾನರ್ ಹುಡುಕಿದರು. ತುಂಬಾ ಹೊತ್ತು ಹುಡುಕಿದರು. ಸ್ಪ್ಯಾನರ್ ಮೇಲೆಯೇ ಇರುವುದು ತನ್ಮಯಿಗೆ ಕಾಣುತ್ತಿತ್ತು.

ಬೇಕರಿಯಿಂದ ಬಿಸಿ ಬನ್ನಿನ ವಾಸನೆ ಬಂತು. ಒಂದು ಬಸ್ ಹೋಯಿತು.

“ಅಪ್ಪಾ,” ಅಂದಳು ತನ್ಮಯಿ. “ಅದು ಅಂಕಲ್ ಅಲ್ಲ. ನಾನು.”

“ನೀನು ಏನು?”

ಅವಳು ಎಲ್ಲವನ್ನೂ ಹೇಳಿದಳು. ಬಿಳಿ ಪುಡಿ, ಟೂತ್‌ಬ್ರಶ್, ಪೂಜೆ, ಮರೆತುಹೋದ ನಾಳೆ. ಹೂವಿನ ವಿಷಯ ಬಂದಾಗ ಅಳು ಬಂದುಬಿಟ್ಟಿತು.

ಅಪ್ಪನ ಮುಖ ಕೆಂಪಾಯಿತು. ಅವಳ ಮೇಲೆ ರೇಗುತ್ತಾರೆ ಅಂದುಕೊಂಡಳು. ಆದರೆ ಅಪ್ಪ ಅಫ್ತಾಬ್ ಅಂಕಲ್ ಕಡೆ ತಿರುಗಿದರು. “ಭಾಯ್... ನಾನು ಸುಮ್ಮನೆ ಬಾಯಿಗೆ ಬಂದಿದ್ದು...”

“ಬಿಡಿ ಸರ್. ನಮ್ಮ ಗ್ಯಾರೇಜಲ್ಲೂ ಹುಡುಗರು ಪೂಜೆ ಮಾಡ್ತಾರೆ. ಅವತ್ತು ನಾನೂ ಸ್ಪ್ಯಾನರ್ ಮುಟ್ಟಲ್ಲ,” ಅಂದರು ಅಫ್ತಾಬ್ ಅಂಕಲ್. ತನ್ಮಯಿಯ ಕಡೆ ಬಗ್ಗಿದರು. “ಆದ್ರೆ ಕೆಲಸ ಅರ್ಧಕ್ಕೆ ಬಿಟ್ಟ ಗಾಡಿ ಇದ್ರೆ ಸ್ಟೀರಿಂಗ್‌ಗೆ ಒಂದು ಬಟ್ಟೆ ಕಟ್ತೀವಿ, ಬೇಟಾ. ಬಟ್ಟೆ ಬಿಚ್ಚೋ ತನಕ ಆ ಗಾಡೀನ ಯಾರೂ ಓಡಿಸೋ ಹಾಗಿಲ್ಲ. ನಂಗೂ ಮರೆವು ಜಾಸ್ತಿ.”

ಅವರು ನಟ್ಟನ್ನು ಮುಕ್ಕಾಲು ಬಿಗಿ ಮಾಡಿ, ಸ್ಪ್ಯಾನರನ್ನು ಅವಳ ಕೈಗೆ ಕೊಟ್ಟರು. “ಇನ್ನು ನಿನ್ನ ಕೆಲಸ.”

ಅದು ಅವಳು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ತನ್ಮಯಿ ತಿರುಗಿಸಿದಳು. ತಂತಿಯನ್ನು ಅಲುಗಿಸಿ ನೋಡಿದಳು. ಅಲುಗಲಿಲ್ಲ.

“ಸರ್, ಹಾರ್ನ್ ಹೊಡೀರಿ!”

ಪೇಂ! ಬೇಕರಿ ಮುಂದೆ ಮಲಗಿದ್ದ ನಾಯಿ ಎದ್ದು ಓಡಿತು. ಮೂವರೂ ನಕ್ಕರು.

ಅಫ್ತಾಬ್ ಅಂಕಲ್ ಸ್ಕೂಟರ್ ಹತ್ತಿ ಹೊರಟರು. ತನ್ಮಯಿ ಕಿಟಕಿಯಿಂದ ನೋಡುತ್ತಲೇ ಇದ್ದಳು. ಎಸಳು ಇನ್ನೂ ಅವರ ಜೇಬಿನಲ್ಲೇ ಇತ್ತು. ಅಪ್ಪ ಬೈಯುವಾಗ ಅವರು ಅದನ್ನು ಹೊರಗೆ ತೆಗೆದಿದ್ದರೆ ಸಾಕಿತ್ತು. ತೆಗೆಯಲಿಲ್ಲ. ತಾನು ಬಾಯಿ ಬಿಡದೇ ಇದ್ದಿದ್ದರೂ ತೆಗೆಯುತ್ತಿರಲಿಲ್ಲ.

ಕಾರಿನ ಗಡಿಯಾರ ಮತ್ತೆ ಹಸಿರಾಗಿ ಹೊಳೆಯುತ್ತಿತ್ತು. ಸಮಯ ಮಾತ್ರ ತಪ್ಪಾಗಿ, ಹನ್ನೆರಡು ಗಂಟೆ ಎಂದು ತೋರಿಸುತ್ತಿತ್ತು.

“ಮನೆಗೆ ಹೋದ್ಮೇಲೆ ಸರಿ ಮಾಡೋಣ ಬಿಡು,” ಅಂದರು ಅಪ್ಪ.

“ಬೇಡಪ್ಪ,” ಅಂದಳು ತನ್ಮಯಿ. “ಈಗಲೇ ಮಾಡ್ತೀನಿ.”