ಅಸೆಂಬ್ಲಿ ಹಾಲ್‌ನ ಸೇತುವೆ

ಸಂಜೆ ಐದೂವರೆಯ ಹೊತ್ತಿಗೆ ವಯಸ್ಸಾದ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿ ಬಂದು ಬೆಂಚಿನ ತುದಿಯಲ್ಲಿ ಕುಳಿತಳು. ಆಕೆಯ ಉಸಿರು ಹದಕ್ಕೆ ಬರುವವರೆಗೆ ಹೆಡ್ ಕಾನ್ಸ್‌ಟೇಬಲ್ ಕಾದ. ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಮೇಡಂ ಕೂಡ ಹೊರಗೆ ಬಂದರು.

"ನಮ್ಮನೆಯವರು ಬೆಳಿಗ್ಗೆ ಹೋದೋರು ಇನ್ನೂ ಬಂದಿಲ್ಲ," ಎಂದಳು ಆಕೆ.

"ಎಲ್ಲಿಗೆ ಹೋಗಿದ್ರು?"

"ಕಾರ್ಖಾನೆಗೆ."

ಹೆಡ್ ಕಾನ್ಸ್‌ಟೇಬಲ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. ಊರಿನಲ್ಲಿ ಕಾರ್ಖಾನೆ ಎಂದರೆ ಕಾರು ಕಾರ್ಖಾನೆ ಒಂದೇ. ಅದು ಮುಚ್ಚಿದಾಗ ಅವನ ಮಗಳು ತೊಟ್ಟಿಲಲ್ಲಿದ್ದಳು, ಈಗ ಹೈಸ್ಕೂಲು.

"ಅಲ್ಲಿ ಏನು ಕೆಲಸ ಅಮ್ಮ?" ಮೇಡಂ ಕೇಳಿದರು.

"ಇವತ್ತು ನಮ್ಮ ಮಗ ಹೋದ ದಿನ. ಅಲ್ಲೇ, ಸೇತುವೆ ಮೇಲೆ ಕರೆಂಟು ಹೊಡೀತು. ಅಪ್ರೆಂಟಿಸ್ ಆಗಿದ್ದ. ಇವರು ವರ್ಷಕ್ಕೊಂದು ಸಲ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಂತು ಬರ್ತಾರೆ. ಊಟದ ಹೊತ್ತಿಗೆ ಯಾವತ್ತೂ ತಪ್ಪಿಸಿದೋರಲ್ಲ."

ಗಂಡ ಅದೇ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದ. ಊರವರ ಬಾಯಲ್ಲಿ ಈಗಲೂ ವೆಲ್ಡರಣ್ಣ. ಕಾಣೆಯಾದ ದೂರು ದಾಖಲಾಯಿತು. ಬೆಳಕು ಇರುವಾಗಲೇ ಹೋಗಿ ನೋಡೋಣವೆಂದು ಮೇಡಂ ಜೀಪು ಹತ್ತಿದರು.

ಶಿಫ್ಟಿನ ಬಸ್ಸುಗಳಿಗೆಂದು ಹಾಕಿದ್ದ ಅಗಲವಾದ ರಸ್ತೆಯಲ್ಲಿ ಈಗ ನಾಯಿಗಳು ಅಡ್ಡಲಾಗಿ ಮಲಗಿದ್ದವು. ಎರಡೂ ಬದಿಯ ಕ್ವಾರ್ಟರ್ಸ್ ಮನೆಗಳಲ್ಲಿ ಕಿಟಕಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಗೇಟಿನ ಕಾವಲುಗಾರ ಬೆಳಿಗ್ಗೆ ವೆಲ್ಡರಣ್ಣನನ್ನು ಒಳಗೆ ಬಿಟ್ಟದ್ದನ್ನು ಒಪ್ಪಿಕೊಂಡ.

"ಹೊರಗೆ ಬಂದದ್ದು ನೋಡಿದ್ಯಾ?"

"ನಾನು ಊಟಕ್ಕೆ ಹೋಗಿದ್ದೆ ಮೇಡಂ. ಅಷ್ಟರಲ್ಲಿ ಹೋಗಿರಬೇಕು ಅಂದ್ಕೊಂಡೆ."

ಕಾವಲುಗಾರ ಕೆಳಗಿನ ಬಾಗಿಲಿನ ಬೀಗ ತೆಗೆದ. ಕಾರು ಜೋಡಿಸುತ್ತಿದ್ದ ಅಸೆಂಬ್ಲಿ ಹಾಲ್ ಒಂದು ಬೀದಿಯಷ್ಟು ಉದ್ದವಿತ್ತು. ಛಾವಣಿಯ ತಗಡುಗಳು ಅಲ್ಲಲ್ಲಿ ಕಿತ್ತು ಹೋಗಿ ನೆಲದ ಮೇಲೆ ಬಿಸಿಲಿನ ಪಟ್ಟಿಗಳು ಬಿದ್ದಿದ್ದವು. ಎಣ್ಣೆಗುಂಡಿಗಳಲ್ಲಿ ಹುಲ್ಲು ಬೆಳೆದಿತ್ತು. ಬಾಗಿಲು, ಗಾಜು, ಚಕ್ರ ಒಂದೂ ಇಲ್ಲದ ಕಾರುಗಳ ಬರೀ ಮೈಗಳು ಲೈನಿನ ಮೇಲೆ ಸಾಲಾಗಿ ನಿಂತಿದ್ದವು. ಮೇಲೆಲ್ಲ ಪಾರಿವಾಳದ ಹಿಕ್ಕೆ. ಲೈನಿನ ಉದ್ದಕ್ಕೂ, ಎರಡಾಳು ಎತ್ತರಕ್ಕಿಂತ ಮೇಲೆ, ಒಬ್ಬರು ಮಾತ್ರ ನಡೆಯಬಹುದಾದ ಕಬ್ಬಿಣದ ದಾರಿಯೊಂದು ತೂಗುತ್ತಿತ್ತು. ಕಾರ್ಮಿಕರು ಸೇತುವೆ ಎನ್ನುತ್ತಿದ್ದದ್ದು ಅದನ್ನೇ. ಅದಕ್ಕೆ ಹತ್ತುವ ಮೆಟ್ಟಿಲು ಹಾಲ್‌ನ ಹೊರಗೋಡೆಗಿತ್ತು.

ಅದರ ನಡುವಿನ ಒಂದು ತುಂಡು ಒಂದು ಕಡೆಗೆ ಜೋತುಬಿದ್ದಿತ್ತು. ಅದರ ಕೆಳಗೆ, ಸಿಮೆಂಟಿನ ನೆಲದ ಮೇಲೆ, ವೆಲ್ಡರಣ್ಣ ಮಗ್ಗುಲಾಗಿ ಮಲಗಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಸ್ವಲ್ಪ ದೂರದಲ್ಲಿ ನೆಗ್ಗಿದ ಫ್ಲಾಸ್ಕು, ಎರಡು ಸ್ಟೀಲ್ ಲೋಟ. ಕಾಫಿ ಚೆಲ್ಲಿ ಒಣಗಿತ್ತು.

"ಒಂದು ತನಗೆ, ಇನ್ನೊಂದು ಮಗನಿಗೆ ಅಂತ ತಂದಿರಬೇಕು," ಎಂದ ಹೆಡ್ ಕಾನ್ಸ್‌ಟೇಬಲ್.

ಶವವನ್ನು ಆಸ್ಪತ್ರೆಗೆ ಸಾಗಿಸುವಾಗ ಗೇಟಿನ ಬಳಿ ಹತ್ತಿಪ್ಪತ್ತು ಜನ ಸೇರಿದ್ದರು. ಬಸ್ಸಿಳಿದು ಬಂದ ವಯಸ್ಸಾದವನೊಬ್ಬ ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿ, ಸ್ಟ್ರೆಚರಿನ ಒಂದು ಹಿಡಿ ಹಿಡಿದುಕೊಂಡ. ವಾಹನದ ಬಾಗಿಲ ಬಳಿಯೂ ಅವನು ಬಿಡದ್ದರಿಂದ ಕಾನ್ಸ್‌ಟೇಬಲ್ ಒಬ್ಬ ಬಂದು ಅದನ್ನು ಅವನಿಂದ ಬಿಡಿಸಿಕೊಳ್ಳಬೇಕಾಯಿತು.

ಅಸ್ವಾಭಾವಿಕ ಮರಣವೆಂದು ಪ್ರಕರಣ ದಾಖಲಾಯಿತು. ಹಳೇ ಕಬ್ಬಿಣ, ತುಕ್ಕು, ಮುದುಕ. ಅದಕ್ಕಿಂತ ಹೆಚ್ಚಿನದೇನೂ ಇದರಲ್ಲಿಲ್ಲವೆಂದೇ ಎಲ್ಲರೂ ಎಣಿಸಿದ್ದರು. ಮರುದಿನ ಬೆಳಿಗ್ಗೆ ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಏಣಿ ಹತ್ತಿ ಫೋಟೋ ತೆಗೆಯುತ್ತಿದ್ದ ಬೆರಳಚ್ಚು ವಿಭಾಗದವನು ಮೇಲಿನಿಂದಲೇ ಕೂಗಿ ಹೇಳಿದ, "ಮೇಡಂ, ಇದು ಮುರಿದಿಲ್ಲ. ಬಿಚ್ಚಿದ್ದಾರೆ."

ಮೇಡಂ ತಾವೇ ಏಣಿ ಹತ್ತಿದರು. ಜೋತುಬಿದ್ದ ತುದಿಯಲ್ಲಿ ನಾಲ್ಕು ತೂತುಗಳು ಖಾಲಿ. ಸುತ್ತ ಹೊಸ ಎಣ್ಣೆಯ ಜಿಡ್ಡು, ಸ್ಪ್ಯಾನರ್ ಜಾರಿದ ಗೀರು. ಕೆಳಗೆ ನೆಲವನ್ನೆಲ್ಲ ಗುಡಿಸಿ ಹುಡುಕಿದರೂ ಒಂದು ಬೋಲ್ಟೂ ಸಿಗಲಿಲ್ಲ. ಪ್ರಕರಣ ಅಲ್ಲಿಗೆ ಬೇರೆಯಾಯಿತು. ಕೊಲೆಯಲ್ಲದ ನರಹತ್ಯೆ ಎಂದು ಹೊಸದಾಗಿ ಎಫ್‌ಐಆರ್ ಬರೆಯಲಾಯಿತು.

ಕೆಳಗಿಳಿದ ಮೇಲೆ ಮೇಡಂ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಹಾಲ್‌ನ ಮೂಲೆಯಲ್ಲಿ ಲೈನನ್ನು ಎಳೆಯುವ ಯಂತ್ರಗಳ ಮೇಲೆ ಟಾರ್ಪಾಲು ಹೊದಿಸಿತ್ತು. ಎತ್ತಿ ನೋಡಿದರೆ ಒಳಗೆ ಸರಪಳಿ, ಹಲ್ಲುಚಕ್ರ ಎಲ್ಲವೂ ನಿನ್ನೆ ತಾನೆ ಒರೆಸಿಟ್ಟಂತೆ ಮಿನುಗುತ್ತಿದ್ದವು. ಒಂದು ಮೋಟಾರ್ ಇರಬೇಕಾದ ಜಾಗ ಮಾತ್ರ ಬರಿದಾಗಿತ್ತು.

ಕಾರ್ಖಾನೆಯಿಂದ ಕದ್ದದ್ದೆಲ್ಲ ಸೇರುವ ಗುಜರಿ ಅಂಗಡಿ ಯಾವುದೆಂದು ಹೆಡ್ ಕಾನ್ಸ್‌ಟೇಬಲ್‌ಗೆ ಗೊತ್ತಿತ್ತು.

"ಬೋಲ್ಟು ಬಿಚ್ಚೋರು ಯಾರು ನಿನ್ನ ಹತ್ರ ಬರ್ತಾರೆ?"

"ತಾಮ್ರ ಸಿಗೋ ಜಾಗದಲ್ಲಿ ಬೋಲ್ಟಿಗೆ ಯಾರು ಕೈ ಹಾಕ್ತಾರೆ ಸಾರ್? ಅದೂ ಅಷ್ಟು ಎತ್ತರ ಹತ್ತಿ?"

"ತಾಮ್ರ ತರೋರು ಯಾರು ಹೇಳು ಹಾಗಾದ್ರೆ."

ಗುಜರಿಯವನು ಕಿವಿ ಕೆರೆದುಕೊಂಡ. "ನನ್ನ ಬಾಯಿಂದ ಏನೇನೋ ಹೊರಡಿಸಬೇಡಿ ಸಾರ್."

"ಬಾಯಿಂದ ಹೊರಡದಿದ್ರೆ ಅಂಗಡಿಯಿಂದ ಹೊರಡಿಸ್ತೀವಿ."

ಹೋದ ತಿಂಗಳು ಇಬ್ಬರು ಅಸೆಂಬ್ಲಿ ಹಾಲ್‌ನ ಮೋಟಾರ್ ತಂದು ಮಾರಿದ್ದನ್ನು ಅವನು ಆಗ ಬಾಯಿಬಿಟ್ಟ. ಸೇತುವೆ ಮೇಲಿಂದ ಇಳಿದು ಬಂದು ಬಿಚ್ಚಿದ್ದರಂತೆ. ಕೆಳಗಿನ ಬಾಗಿಲಿಗೆ ಬೀಗವಿತ್ತು. "ಮಾರನೇ ದಿನವೇ ಮೇಸ್ತ್ರಿ ಹುಡುಕ್ಕೊಂಡು ಬಂದ. ಅಷ್ಟರಲ್ಲಿ ನಾನು ಅದನ್ನ ಒಡೆದು ತಂತಿ ತೆಗೆದಾಗಿತ್ತು. ಆ ತುಂಡುಗಳ ಮುಂದೆ ಕೂತ್ಕೊಂಡು ಅತ್ತ ಸಾರ್. ಹೆಣದ ಮುಂದೆ ಕೂತ ಹಾಗೆ."

ಮೇಸ್ತ್ರಿ ಯಾರೆಂಬುದನ್ನು ಕಾವಲುಗಾರ ಹೇಳಿದ. ಕಾರ್ಖಾನೆ ನಡೆಯುತ್ತಿದ್ದಾಗ ಲೈನಿನ ರಿಪೇರಿ ನೋಡಿಕೊಳ್ಳುತ್ತಿದ್ದವನು. ನಿನ್ನೆ ಸ್ಟ್ರೆಚರ್ ಹಿಡಿದವನೇ ಅವನು.

"ದಿನಾ ಬರ್ತಾನೆ ಮೇಡಂ. ನಾನೇ ಬಿಡ್ತೀನಿ. ಕದಿಯೋನಾದ್ರೆ ತಡೀಬೇಕು, ಇವನು ಮನೆಯಿಂದ ಎಣ್ಣೆ ತಂದು ಹುಯ್ದು ಹೋಗೋನು. ಆ ಬೀಗವೂ ಅವನೇ ತಂದು ಹಾಕಿದ್ದು."

"ನಿನ್ನೆ?"

"ನಿನ್ನೆ ಬರಲಿಲ್ಲ. ಪಕ್ಕದೂರಿನ ಗುಜರಿಯಲ್ಲಿ ಅಂಥದ್ದೇ ಮೋಟಾರ್ ಇದೆಯಂತೆ, ನೋಡ್ಕೊಂಡು ಬರ್ತೀನಿ ಅಂದಿದ್ದ."

ಮೇಡಂ ವೆಲ್ಡರಣ್ಣನ ಮನೆಗೆ ಹೋದಾಗ ಶವ ಆಸ್ಪತ್ರೆಯಿಂದ ಬಂದಿತ್ತು. ಎರಡು ಕೋಣೆಯ ಮನೆ. ಗೋಡೆಯ ಮೇಲೆ ಕಾರ್ಖಾನೆಯ ಟೋಪಿ ಹಾಕಿಕೊಂಡ ಹುಡುಗನ ಫೋಟೋ. ಆಕೆ ಗಂಡನ ತಲೆಯ ಬಳಿ ಕುಳಿತಿದ್ದಳು. ಅಕ್ಕಪಕ್ಕದ ಮೂರು ನಾಲ್ಕು ಹೆಂಗಸರು. ಗಂಡಸರೆಂದರೆ ಒಬ್ಬ ಊರುಗೋಲಿನವನು, ಮತ್ತೆ ಮೇಸ್ತ್ರಿ. ಅವನು ಬೆಳಗಿನಿಂದ ಓಡಾಡಿ ಎಲ್ಲವನ್ನೂ ಹೊಂದಿಸುತ್ತಿದ್ದ.

"ಅಮ್ಮ, ಒಂದೇ ಮಾತು," ಮೇಡಂ ಪಕ್ಕದಲ್ಲಿ ಕುಳಿತು ಕೇಳಿದರು. "ಎರಡನೇ ಲೋಟ ಮಗನಿಗೆ ಅಂತಲಾ?"

"ಇಲ್ಲ ಮೇಡಂ. ಹೋದೋನಿಗೆ ಕಾಫಿ ಯಾಕೆ? ಅದು ಮೇಸ್ತ್ರಿಗೆ. ವರ್ಷಾ ಇಬ್ಬರೂ ಜೊತೇಲೇ ಹೋಗ್ತಿದ್ರು."

ಬಾಗಿಲ ಬಳಿ ನಿಂತಿದ್ದ ಮೇಸ್ತ್ರಿಗೆ ಇದು ಕೇಳಿಸಿತು. ಅವನು ಕೈಯಲ್ಲಿದ್ದ ಹಗ್ಗವನ್ನು ಕೆಳಗಿಟ್ಟ. ಮೇಡಂ ಎದ್ದು ಅವನನ್ನು ಹೊರಗೆ ಕರೆದರು. ಅವರು ಬಾಯಿ ತೆರೆಯುವ ಮೊದಲೇ ಅವನು ಹೇಳಿದ:

"ಇದೊಂದು ಮುಗೀಲಿ ಮೇಡಂ. ಹೊರೋಕೆ ನಾಲ್ಕು ಜನ ಇಲ್ಲ. ಮುಗಿದ ತಕ್ಷಣ ನಾನೇ ಬರ್ತೀನಿ."

ಮೇಡಂ ಅವನನ್ನು ಅಲ್ಲೇ ಬಂಧಿಸಬಹುದಿತ್ತು, ನಿಯಮವೂ ಅದೇ. ಒಳಗೆ ಆಕೆ ಗಂಡನ ಅಂಗಿಯ ಕಾಲರು ಸರಿಮಾಡುತ್ತಿದ್ದಳು.

"ಆಗ್ಲಿ," ಎಂದರು ಮೇಡಂ.

ಚಟ್ಟದ ಮುಂದಿನ ಬಲಭಾಗಕ್ಕೆ ಮೇಸ್ತ್ರಿ ಹೆಗಲು ಕೊಟ್ಟ. ಎಡಕ್ಕೆ ಕಾವಲುಗಾರ. ಹಿಂದಕ್ಕೆ ಜನ ಸಾಲದೆ ಹೆಡ್ ಕಾನ್ಸ್‌ಟೇಬಲ್ ಟೋಪಿ ತೆಗೆದು ಜೀಪಿನಲ್ಲಿಟ್ಟು ಬಂದ. ಇನ್ನೊಬ್ಬ ಕಾನ್ಸ್‌ಟೇಬಲ್ ಅವನ ಪಕ್ಕಕ್ಕೆ ನಿಂತ. ಆ ಅಗಲವಾದ ರಸ್ತೆಯಲ್ಲಿ ಅವರು ಮೆಲ್ಲಗೆ ನಡೆದರು.

ಸಂಜೆ ಮೇಸ್ತ್ರಿ ಪೊಲೀಸರನ್ನು ತನ್ನ ಮನೆಗೆ ತಾನೇ ಕರೆದೊಯ್ದ. ಕಪಾಟಿನಿಂದ ಒಂದು ಡಬ್ಬಿ ಇಳಿಸಿ ಮುಚ್ಚಳ ತೆಗೆದ. ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದಕ್ಕೂ ಅದರದೇ ನಟ್ಟು ಹಾಕಿ ಇಟ್ಟಿದ್ದ. ಜಪ್ತಿ ಪಂಚನಾಮೆ ಮುಗಿದು ಠಾಣೆಗೆ ಬಂದ ಮೇಲೆ ಹೇಳಿಕೆ ಶುರುವಾಯಿತು.

"ಯಾಕೆ ಬಿಚ್ಚಿದಿರಿ?"

"ಕಳ್ಳರು ಮೇಲಿಂದಲೇ ಇಳೀತಿದ್ರು. ನಿಮ್ಮ ಠಾಣೆಗೂ ಬಂದು ಹೇಳಿದ್ದೆ. ಖಾಲಿ ಕಾರ್ಖಾನೆಯಲ್ಲಿ ಕಳ್ಳತನ ಆದ್ರೆ ನಿನಗೇನಯ್ಯ ನಷ್ಟ ಅಂದ್ರು."

ಹೆಡ್ ಕಾನ್ಸ್‌ಟೇಬಲ್ ಪೆನ್ನಿನ ಕಡೆ ನೋಡಿದ. ಹಾಗೆ ಅಂದವನು ಅವನೇ ಆಗಿರಬಹುದು, ನೆನಪಿರಲಿಲ್ಲ.

"ಬಿದ್ದು ಕಾಲು ಮುರ್ಕೊಂಡ್ರೆ ಆಮೇಲೆ ಯಾರೂ ಹತ್ತಲ್ಲ ಅಂದ್ಕೊಂಡೆ."

"ಅಷ್ಟು ಎತ್ತರದಿಂದ ಬಿದ್ರೆ ಕಾಲು ಮಾತ್ರ ಮುರಿಯುತ್ತಾ?"

ಮೇಡಂ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು.

"ಇಲ್ಲ," ಎಂದ. "ಗೊತ್ತಿತ್ತು. ಗೊತ್ತಿದ್ದೂ ಬಿಚ್ಚಿದೆ. ಸಿಟ್ಟು ಬಂದಿತ್ತು."

"ಯಾವುದಕ್ಕೂ ಬಾರದ ಯಂತ್ರಕ್ಕೋಸ್ಕರ?"

"ಬಾಗಿಲು ಹಾಕೋವಾಗ ಕಂಪನಿಯವರು ಆರೇ ತಿಂಗಳು ಅಂದ್ರು ಮೇಡಂ. ಲೈನ್ ಸಿದ್ಧ ಇಟ್ಟಿರು, ಹೊಸ ಮಾಲೀಕ ಬಂದ್ರೆ ಗುಂಡಿ ಒತ್ತಿದ ತಕ್ಷಣ ಓಡಬೇಕು ಅಂದ್ರು. ನನ್ನ ಇಬ್ಬರು ಗಂಡುಮಕ್ಕಳೂ ಊರು ಬಿಡೋವಾಗ ಒಂದೇ ಮಾತು ಹೇಳಿದ್ದು. ಲೈನ್ ಶುರುವಾದ್ರೆ ತಿಳಿಸಪ್ಪ, ಬಂದ್ಬಿಡ್ತೀವಿ ಅಂತ. ಅವರಮ್ಮನೂ ಮೊಮ್ಮಕ್ಕಳನ್ನ ನೋಡ್ಕೊಳ್ಳೋಕೆ ಅಂತ ಅವರ ಹಿಂದೇನೇ ಹೋದಳು. ಬರೋ ಬೇಸಿಗೆಗೆ ಬರ್ತೀನಿ ಅಂದಿದ್ದಳು. ಅದೂ ಹಳೇ ಮಾತು ಈಗ."

"ವೆಲ್ಡರಣ್ಣ ಆ ದಿನ ಅಲ್ಲಿಗೆ ಬರ್ತಾರೆ ಅಂತ ನಿಮಗೆ ಗೊತ್ತಿತ್ತಲ್ಲ."

"ಗೊತ್ತಿತ್ತಾ ಅಂತೀರಾ? ಆ ಹುಡುಗನಿಗೆ ಕೆಲಸ ಕಲಿಸಿದೋನು ನಾನು. ಮೊದಲನೇ ವರ್ಷ ಇಡೀ ಶಿಫ್ಟೇ ಬಂದಿತ್ತು. ಸೇತುವೆ ಹತ್ತೋಕೆ ಸರದಿ ನಿಲ್ಲಬೇಕಾಯ್ತು. ಆಮೇಲೆ ಒಬ್ಬೊಬ್ಬರೇ ಊರು ಬಿಟ್ರು. ಹೋದ ವರ್ಷ ನಾವಿಬ್ಬರೇ." ಮುಖವನ್ನು ಎರಡೂ ಕೈಯಿಂದ ಒರೆಸಿಕೊಂಡ. "ಮರೆತೆ ಮೇಡಂ. ಆ ಮೋಟಾರಿನ ಗುಂಗಿನಲ್ಲಿ ದಿನವೇ ಮರೆತುಬಿಟ್ಟೆ. ಬಸ್ಸಿಂದ ಇಳಿದು ಗೇಟಲ್ಲಿ ಜನ ನೋಡಿದಾಗ ಕಳ್ಳ ಬಿದ್ದಿರಬೇಕು ಅಂತ ಒಂದು ಗಳಿಗೆ ಸಂತೋಷವೇ ಆಯ್ತು."

ಹೇಳಿಕೆಯನ್ನು ಓದಿ ಹೇಳಿ ಸಹಿ ಪಡೆಯಲಾಯಿತು. ಬಂಧನದ ವಿಷಯ ತಿಳಿಸಲು ಅವನು ಕೊಟ್ಟ ದೊಡ್ಡ ಮಗನ ನಂಬರಿಗೆ ಫೋನ್ ಮಾಡಿದರೆ ಅದು ಬಳಕೆಯಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ತಾವೇ ಹೋಗಿ ವೆಲ್ಡರಣ್ಣನ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ ಜೀಪು ಹತ್ತಿದಳು.

ಠಾಣೆಯಲ್ಲಿ ಮೇಸ್ತ್ರಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಸಿದ್ಧಗೊಳಿಸುತ್ತಿದ್ದರು. ಆಕೆಯನ್ನು ಕಂಡು ಅವನು ಎದ್ದು ನಿಂತ. ತಲೆ ಮಾತ್ರ ಏಳಲಿಲ್ಲ.

"ಆವತ್ತು ಬಾಗಿಲಲ್ಲಿ ನಿಂತು ನಿನ್ನ ದಾರಿ ಕಾದ್ರು ಕಣೋ," ಎಂದಳು ಆಕೆ. "ಕಾಫಿ ಆರೋಗುತ್ತೆ, ಹೊರಡಿ ಅಂದೆ ನಾನೇ. ಮೇಸ್ತ್ರಿ ಮರೆಯೋನಲ್ಲ, ಮುಂದೆ ಹೋಗಿರ್ತಾನೆ ಅಂದ್ರು. ಹಾಗಂತಲೇ ಹೊರಟ್ರು."

ಮೇಸ್ತ್ರಿ ಕೈ ಮುಗಿದ. "ಬೈದುಬಿಡಿ ಅತ್ತಿಗೆ. ಬಾಯಿಗೆ ಬಂದ ಹಾಗೆ ಬೈದುಬಿಡಿ."

"ಬೈತೀನಿ. ನಿನ್ನನ್ನ ಬಿಟ್ರೆ ಬೈಯೋಕಾದ್ರೂ ಈ ಊರಲ್ಲಿ ನನಗೆ ಇನ್ಯಾರು ಉಳಿದಿದ್ದಾರೆ?"

ಆದರೆ ಬೈಯಲಿಲ್ಲ. ಜೀಪು ಹೊರಡುವವರೆಗೂ ಅವನ ಎದುರಿನ ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದಳು. ಅವನನ್ನು ಕರೆದುಕೊಂಡು ಹೋದ ಮೇಲೆ ಮೇಡಂ ಕಡೆ ತಿರುಗಿ, ಜೈಲಿನಲ್ಲಿ ನೋಡಲು ಯಾವ ವಾರ ಬಿಡುತ್ತಾರೆಂದು ಕೇಳಿದಳು. ಮೇಡಂ ಹೇಳಿದರು. ಆಕೆ ಅದನ್ನು ಬಾಯಲ್ಲೇ ಒಂದೆರಡು ಸಲ ಹೇಳಿಕೊಂಡು ಮೆಟ್ಟಿಲಿಳಿದು ಹೋದಳು.