ಇಳಿಜಾರಿನಲ್ಲಿ ನಿಂತ ನೀಲಿ ಕಾರು

ಮೂರನೇ ಸಲವೂ ಆ ನೀಲಿ ಕಾರು ಇನ್ನೊಂದು ಗಾಡಿಯ ಬೆನ್ನೇರಿಯೇ ಗ್ಯಾರೇಜಿಗೆ ಬಂತು.

“ಬಂತು ನೋಡೇ ಸವಾರಿ,” ಎಂದರು ಚಿಕ್ಕಪ್ಪ, ಹಳೇ ಟೈರಿನ ಮೇಲೆ ಕೂತು ಕಾಫಿ ಊದುತ್ತಾ. “ಹಿಂದೆ ನಿನ್ನ ಗಿರಾಕೀನೂ ನಡ್ಕೊಂಡು ಬರ್ತಾ ಇದ್ದಾರೆ.”

“ನನ್ನ ಗಿರಾಕಿ ಯಾಕಾಗ್ಬೇಕು? ಗ್ಯಾರೇಜ್ ನಿಮ್ಮದು.”

“ಗ್ಯಾರೇಜ್ ನಂದು, ಎಂಜಿನ್ ನಂದು. ಬ್ಯಾಟರಿ ಕೆಟ್ಟೋರೆಲ್ಲ ನಿನ್ನೋರು.”

ಅವಳನ್ನು ಎಲ್ಲರೂ ಕಿಡಿ ಎಂದೇ ಕರೆಯುತ್ತಿದ್ದರು. ವೈರಿಂಗ್ ಕೆಲಸಕ್ಕೆ ಒಪ್ಪುವ ಹೆಸರು; ಅವಳ ಸಿಟ್ಟಿಗೂ ಒಪ್ಪುತ್ತಿತ್ತು. ಹಿಂದೊಮ್ಮೆ ಮದುವೆ ಇನ್ನೇನು ಆಗಿಯೇ ಹೋಯಿತು ಎನ್ನುವಷ್ಟರಲ್ಲಿ, ಆ ಹುಡುಗ ಅವಳ ಉಗುರಿನ ಸಂದಿಯ ಕಪ್ಪನ್ನು ನೋಡಿ “ಇದೆಲ್ಲಾ ಬಿಟ್ಬಿಡ್ತೀಯಲ್ಲ?” ಎಂದು ನಗುತ್ತಾ ಕೇಳಿದ್ದ. ಅವಳು ಕೆಲಸ ಬಿಡಲಿಲ್ಲ, ಅವನನ್ನು ಬಿಟ್ಟಳು. ಅಂದಿನಿಂದ ಗಂಡಸರ ಸವಿಮಾತು ಕೇಳಿದರೆ ಅವಳ ಕಿವಿ ನೆಟ್ಟಗಾಗುತ್ತಿತ್ತು.

ನೀಲಿ ಕಾರಿನ ಈ ಮನುಷ್ಯನಂತೂ ಸವಿಮಾತನ್ನೇ ಆಡುತ್ತಿರಲಿಲ್ಲ. ಅವನು ಲೈಬ್ರರಿ ನೋಡಿಕೊಳ್ಳುವವನು. ವರ್ಷಗಟ್ಟಲೆ ಓದುಗರ ನಡುವೆ ಪಿಸುಗುಟ್ಟಿ ಪಿಸುಗುಟ್ಟಿ ಅವನ ದನಿಯೇ ಅಷ್ಟಕ್ಕೆ ನಿಂತುಬಿಟ್ಟಿತ್ತು. ಗ್ಯಾರೇಜಿನ ಸುತ್ತಿಗೆಯ ಸದ್ದಿನಲ್ಲಿ ಅವನ ಮಾತು ಕೇಳಬೇಕೆಂದರೆ ಹತ್ತಿರ ಹೋಗಿ ಕಿವಿಗೊಡಬೇಕು. ಕಿಡಿ ಹಾಗೆ ಹೋದಾಗಲೆಲ್ಲ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಆಮೇಲೆ, ಸರಿದದ್ದಕ್ಕೆ ತಾನೇ ನೊಂದವನಂತೆ, ಅರ್ಧ ಹೆಜ್ಜೆ ಮುಂದೆ ಬರುತ್ತಿದ್ದ.

“ಮತ್ತೆ ಅದೇ ಕಥೇನಾ?”

“ಅದೇ. ನಾಲ್ಕು ದಿನ ನಿಂತಿತ್ತು. ಇವತ್ತು ಕೀ ತಿರುಗಿಸಿದ್ರೆ ಟಿಕ್ ಅನ್ನುತ್ತೆ, ಅಷ್ಟೇ.”

ಕಾರು ಹಳೆಯದು, ಆಟೋಮ್ಯಾಟಿಕ್ ಗೇರಿನದು. ತಳ್ಳಿದರೂ ಸ್ಟಾರ್ಟ್ ಆಗದ ಜಾತಿ. ಬ್ಯಾಟರಿ ಹೊಸದು, ಅವಳೇ ಹಾಕಿದ್ದು. ಬಾನೆಟ್ ಎತ್ತಿ, ಬ್ಯಾಟರಿಗೆ ಚಾರ್ಜ್ ಕೊಟ್ಟು, ಅದರ ತಂತಿ ಬಿಚ್ಚಿ ನಡುವೆ ಮೀಟರ್ ಸೇರಿಸಿದಳು. ಕಾರು ಮಲಗಿದ್ದಾಗಲೂ ಕರೆಂಟ್ ಕುಡಿಯುತ್ತಿದ್ದರೆ ಮೀಟರ್ ಹೇಳಲೇಬೇಕು. ಮೀಟರ್ ಹಿಂದಿನ ಸಲದಂತೆಯೇ ಸಾಧು ಅಂಕಿ ತೋರಿಸಿತು. ಗಡಿಯಾರ ಓಡಲು ಬೇಕಾದಷ್ಟು, ಅದಕ್ಕಿಂತ ಹೆಚ್ಚಿಲ್ಲ.

ಕಳ್ಳ ಇಲ್ಲ. ಆದರೆ ಕಳ್ಳತನವಂತೂ ಆಗುತ್ತಿದೆ. ಅವಳು ಕಾರಿನ ಸುತ್ತ ಒಂದು ಸುತ್ತು ಬಂದಳು, ಇನ್ನೊಂದು ಬಂದಳು. ಯೋಚಿಸುವಾಗ ಟೆಸ್ಟರಿನ ವೈರನ್ನು ಹಲ್ಲಲ್ಲಿ ಕಚ್ಚಿಕೊಳ್ಳುವುದು ಅವಳ ಅಭ್ಯಾಸ. ತಲೆ ಎತ್ತಿದರೆ ಅವನು ಅದನ್ನೇ ನೋಡುತ್ತಿದ್ದ. ಕಣ್ಣಿಗೆ ಕಣ್ಣು ಸಿಕ್ಕ ಕೂಡಲೇ ಗೋಡೆಯ ಮೇಲಿನ ಟೈರ್ ಜಾಹೀರಾತನ್ನು ಬಹಳ ಶ್ರದ್ಧೆಯಿಂದ ಓದತೊಡಗಿದ.

ಅವಳಿಗೆ ಕೆನ್ನೆ ಬಿಸಿಯಾಯಿತು. ವೈರನ್ನು ಬಾಯಿಂದ ತೆಗೆದಳು. ಕೈಗೆ ಏನು ಮಾಡಬೇಕೆಂದು ತೋಚದೆ ಮತ್ತೆ ಕಚ್ಚಿಕೊಂಡಳು.

ಚಿಕ್ಕಪ್ಪ ಮೆಲ್ಲಗೆ ಪಕ್ಕಕ್ಕೆ ಬಂದರು. “ಒಂದು ಹೇಳ್ಲಾ? ಕಾರಲ್ಲಿ ಏನೂ ಇಲ್ಲ. ಮನೇಲಿ ಲೈಟ್ ಉರಿಸಿಟ್ಟು ಬ್ಯಾಟರಿ ಇಳಿಸ್ಕೊಂಡು ಬರ್ತಾರೆ, ನಿನ್ನ ನೋಡೋಕೆ.”

“ಏನಾದ್ರೂ ಹೇಳ್ಬೇಡಿ ಚಿಕ್ಕಪ್ಪ.”

“ನಾನು ನಿಮ್ಮ ಚಿಕ್ಕಮ್ಮನ ಮನೆ ಮುಂದೆ ಸ್ಕೂಟರ್ ಎಷ್ಟು ಸಲ ಕೆಡಿಸ್ಕೊಂಡಿದ್ದೆ ಗೊತ್ತಾ?”

ಅವಳ ಎದೆಯಲ್ಲಿ ಮೊದಲು ಎದ್ದದ್ದು ಖುಷಿ. ಅದರ ಬೆನ್ನಿಗೇ ಸಿಟ್ಟು. ಈ ಕಾರಿನ ಚಿಂತೆಯಲ್ಲಿ ಅವಳು ನಿದ್ದೆಗೆಟ್ಟಿದ್ದಳು. ಅದು ಇವನಿಗೆ ಆಟವಾಗಿತ್ತೇ? ಸಿಟ್ಟನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ನೇರ ಅವನ ಮುಂದೆ ಹೋಗಿ ನಿಂತಳು.

“ಸರ್, ನಿಜ ಹೇಳಿ. ಬೇಕೂ ಅಂತ ಬ್ಯಾಟರಿ ಇಳಿಸ್ಕೊಂಡು ಬರ್ತಾ ಇದ್ದೀರಾ?”

ಅವನ ಮುಖ ಬಿಳಿಚಿಕೊಂಡಿತು.

“ನಮ್ಮಕ್ಕನಿಗೆ ದಿನ ತುಂಬ್ತಾ ಬಂದಿದೆ,” ಎಂದ. “ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಂದಿರೋ ಮಗು. ಭಾವ ಹಡಗಲ್ಲಿ ಕೆಲಸ, ಸದ್ಯಕ್ಕೆ ಬರೋ ಹಾಗಿಲ್ಲ. ನಮ್ಮ ಮನೆ ದಿಬ್ಬದ ಮೇಲೆ. ಟ್ಯಾಕ್ಸಿ ಕರೆದ್ರೆ ಆ ಏರು ನೋಡಿ ಅರ್ಧ ದಾರೀಲೇ ವಾಪಸ್ ಹೋಗ್ತಾರೆ. ನಾನು ನಡ್ಕೊಂಡೇ ಕೆಲಸಕ್ಕೆ ಹೋಗ್ತೀನಿ ಮೇಡಂ, ಕಾರ್ ಅಕ್ಕನಿಗೆ ಅಂತ ಮುಟ್ಟದೇ ಇಟ್ಟಿದ್ದೀನಿ. ಅಂಥ ಕಾರನ್ನ ಬೇಕೂ ಅಂತ ಕೆಡಿಸ್ತೀನಾ?”

ಸುತ್ತಿಗೆಯ ಗದ್ದಲದಲ್ಲೂ ಒಂದಕ್ಷರ ಬಿಡದೆ ಕೇಳಿಸಿತು ಅವಳಿಗೆ. ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

“ಕಾರ್ ತಗೊಂಡು ಹೋಗಿ, ಯಾವಾಗ್ಲೂ ನಿಲ್ಲಿಸೋ ಜಾಗದಲ್ಲೇ, ಯಾವಾಗ್ಲೂ ನಿಲ್ಲಿಸೋ ಹಾಗೇ ನಿಲ್ಲಿಸಿ,” ಎಂದಳು ಕೊನೆಗೆ. “ನಾಳೆ ಮಧ್ಯಾಹ್ನ ನಾನೇ ಬರ್ತೀನಿ. ಕಂಡುಹಿಡೀದೇ ವಾಪಸ್ ಬರಲ್ಲ.”

ಮರುದಿನ ಟೂಲ್ ಬ್ಯಾಗ್ ಹೊತ್ತು ಆ ದಿಬ್ಬ ಹತ್ತುವಷ್ಟರಲ್ಲಿ ಅವಳಿಗೆ ಏದುಸಿರು. ಟ್ಯಾಕ್ಸಿಯವರ ಮೇಲೆ ನಿನ್ನೆ ಬಂದಿದ್ದ ಸಿಟ್ಟು ಇಳಿಯಿತು. ಇಕ್ಕಟ್ಟಾದ ರಸ್ತೆ, ಎದುರುಬದುರು ಮನೆಗಳು, ಒಂದರ ಕಿಟಕಿ ಇನ್ನೊಂದರ ಅಡುಗೆಮನೆಗೆ ಇಣುಕುವಷ್ಟು ಹತ್ತಿರ. ನೀಲಿ ಕಾರು ಮೂತಿ ಕೆಳಗೆ ಮಾಡಿ ಇಳಿಜಾರಿನಲ್ಲಿ ನಿಂತಿತ್ತು.

“ಅವಸರಕ್ಕೆ ಹೊರಡೋಕೆ ಸುಲಭ ಅಂತ ಹೀಗೇ ನಿಲ್ಲಿಸ್ತೀನಿ,” ಎಂದ ಅವನು. ನಿನ್ನೆಯ ನೋವು ಇನ್ನೂ ಮುಖದಲ್ಲಿತ್ತು, ಆದರೆ ಅವಳ ಕೈಯಿಂದ ಬ್ಯಾಗ್ ಇಸಿದುಕೊಂಡ.

ಮೊದಲ ಮಹಡಿಯ ಕಿಟಕಿಯಲ್ಲಿ ಅವನ ಅಕ್ಕ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. “ನೀವೇನಾ ಕಿಡಿ? ಇವನ ಬಾಯಲ್ಲಿ ಈಚೆಗೆ ಬ್ಯಾಟರಿ ಬಿಟ್ರೆ ಬೇರೆ ಮಾತಿಲ್ಲ. ಬ್ಯಾಟರಿ ಅಂದ್ರೆ ಬ್ಯಾಟರೀನೇ ಅಂತ ನಾನೂ ದಡ್ಡಿ ಥರ ಕೇಳ್ತಾ ಇದ್ದೆ!”

“ಅಕ್ಕಾ!” ಎಂದು ಪಿಸುಗುಟ್ಟಿದ ಅವನು, ಅಂಗಲಾಚುವಂತೆ.

ಕಿಡಿ ನಗು ನುಂಗಿ ಬಾನೆಟ್ಟಿನೊಳಗೆ ತಲೆ ಹಾಕಿದಳು. ಮೀಟರ್ ಸೇರಿಸಿದಳು. ಅಂಕಿ ನೋಡಿ ಅವಳ ಬೆನ್ನು ನೆಟ್ಟಗಾಯಿತು. ಗ್ಯಾರೇಜಿನಲ್ಲಿ ತೋರಿಸಿದ್ದರ ಹತ್ತಾರು ಪಟ್ಟು!

“ಕುಡೀತಾ ಇದೆ! ಇಲ್ಲಿ ಕುಡೀತಾ ಇದೆ!” ಎಂದು ಕೂಗಿ ಅವನ ತೋಳು ಹಿಡಿದು ಎಳೆದಳು. ಇಬ್ಬರೂ ಒಂದೇ ಮೀಟರಿನ ಮೇಲೆ ಬಾಗಿದರು. ಅವನ ಅಂಗಿಯಿಂದ ಹಳೇ ಕಾಗದದ ವಾಸನೆ ಬಂತು. ಹಿಡಿದ ತೋಳನ್ನು ಬಿಡಬೇಕೆಂದು ಅವಳಿಗೆ ಸ್ವಲ್ಪ ತಡವಾಗಿ ನೆನಪಾಯಿತು.

ಒಂದೊಂದೇ ಫ್ಯೂಸ್ ಕೀಳುತ್ತಾ ಹೋದಳು. ರೇಡಿಯೋ, ಅಲ್ಲ. ಹಾರನ್, ಅಲ್ಲ. ಒಳದೀಪಗಳ ಫ್ಯೂಸ್ ಕಿತ್ತ ಕೂಡಲೇ ಅಂಕಿ ದೊಪ್ಪನೆ ಬಿತ್ತು. ಅದನ್ನು ವಾಪಸ್ ಹಾಕಿ ಒಳಗೆ ನೋಡಿದರೆ ಚಾವಣಿಯ ದೀಪ ಆರಿದೆ, ಬಾಗಿಲ ದೀಪ ಆರಿದೆ. ಉಳಿದದ್ದು ಡಿಕ್ಕಿಯೊಳಗಿನ ದೀಪ ಒಂದೇ.

“ಮುಚ್ಚಿದ ಮೇಲೂ ಉರೀತಾ ಇರ್ಬೇಕು. ಆದ್ರೆ ಹೊರಗಿಂದ ಹೇಗೆ ನೋಡೋದು...” ಎನ್ನುವಷ್ಟರಲ್ಲಿ ಅವನು ಡಿಕ್ಕಿ ತೆರೆದು, ತನ್ನ ಉದ್ದನೆಯ ಕಾಲುಗಳನ್ನು ಮಡಚಿ ಒಳಗೆ ಸೇರಿಕೊಂಡಾಗಿತ್ತು.

“ಏನ್ ಮಾಡ್ತಿದ್ದೀರಾ?”

“ಮುಚ್ಚಿ. ನಾನು ನೋಡಿ ಹೇಳ್ತೀನಿ.”

ಅವಳು ಮುಚ್ಚಿದಳು. ಒಳಗಿಂದ ಏನೋ ಗುಣುಗುಣು.

“ಕೇಳಿಸ್ತಿಲ್ಲ! ಜೋರಾಗಿ ಹೇಳಿ!”

“ದೀಪ ಉರೀತಿದೆ!” ಅವನು ಕೂಗಿದ. ಅಷ್ಟು ದೊಡ್ಡ ದನಿ ಆ ಮನುಷ್ಯನಲ್ಲಿ ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ, ಬಹುಶಃ ಅವನಿಗೂ. “ಇನ್ನೊಂದು ಮಾತು! ಮುಖ ನೋಡಿದ್ರೆ ಹೇಳೋಕಾಗಲ್ಲ, ಇಲ್ಲಿಂದಲೇ ಹೇಳ್ಬಿಡ್ತೀನಿ!”

ಡಿಕ್ಕಿಯ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು.

“ಬೇಕೂ ಅಂತ ಬ್ಯಾಟರಿ ಇಳಿಸ್ಲಿಲ್ಲ! ಆದ್ರೆ ಇಳಿದಾಗ ಪೂರ್ತಿ ಬೇಜಾರೂ ಆಗ್ಲಿಲ್ಲ! ಅಕ್ಕನ್ನ ನೆನೆದು ಭಯ, ಗ್ಯಾರೇಜಿಗೆ ಹೋಗ್ಬಹುದು ಅಂತ ಖುಷಿ! ನೀವು ಆ ವೈರ್ ಕಚ್ಕೊಂಡು ಯೋಚ್ನೆ ಮಾಡ್ತೀರಲ್ಲ, ಅದನ್ನ ನೋಡ್ತಾ ಎಷ್ಟು ಹೊತ್ತು ಬೇಕಾದ್ರೂ ನಿಂತಿರ್ತೀನಿ! ನಿಮಗೆ ನಾನು ಇಷ್ಟ ಆಗ್ಬಹುದಾ? ಇಷ್ಟೇ ಕೇಳ್ಬೇಕಿತ್ತು!”

ಎದುರು ಮನೆಯ ಕಿಟಕಿ ತೆರೆಯಿತು. ಪಕ್ಕದ ಮನೆಯ ಕುಕ್ಕರ್ ಸದ್ದು ನಿಂತಿತು. ಮೇಲಿನಿಂದ ಅಕ್ಕ ನಿರಾಳವಾಗಿ ಕೇಳಿದಳು: “ಅಲ್ರೀ, ಬಲ್ಬ್ ಬಿಚ್ಚಿ ಮೀಟರ್ ನೋಡಿದ್ರೆ ಗೊತ್ತಾಗ್ತಿರ್ಲಿಲ್ವಾ?”

ಆಗುತ್ತಿತ್ತು. ಅವನು ಒಳಗೆ ಕಾಲಿಟ್ಟಾಗಲೇ ಕಿಡಿಗೆ ಅದು ಹೊಳೆದಿತ್ತು. ಯಾಕೆ ಹೇಳಲಿಲ್ಲ ಎಂದು ತನ್ನನ್ನೇ ಕೇಳಿಕೊಳ್ಳಲು ಧೈರ್ಯ ಸಾಲದೆ ಡಿಕ್ಕಿ ತೆರೆದಳು. ಕೆದರಿದ ಕೂದಲು, ಕೆಂಪಾದ ಕಿವಿ, ಮಂಡಿಯ ಮೇಲೆ ಗಲ್ಲ ಇಟ್ಟುಕೊಂಡು ಅವನು ಅವಳನ್ನೇ ನೋಡುತ್ತಿದ್ದ.

“ಇಳೀರಿ,” ಎಂದಳು.

ದೀಪದ ಸ್ವಿಚ್ಚು ಡಿಕ್ಕಿಯ ಮುಚ್ಚಳಕ್ಕೆ ಅಂಟಿದ ಒಂದು ಪುಟ್ಟ ಗಾಜಿನ ಗುಳಿಗೆ, ಅದರೊಳಗೊಂದು ತೊಟ್ಟು ಪಾದರಸ. ಡಿಕ್ಕಿ ಎತ್ತಿದರೆ ಪಾದರಸ ಹರಿದು ದೀಪ ಹತ್ತಬೇಕು, ಮುಚ್ಚಿದರೆ ಹಿಂದೆ ಸರಿದು ಆರಬೇಕು. ಆದರೆ ಈ ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಂತರೆ, ಡಿಕ್ಕಿ ಸದಾ ತೆರೆದೇ ಇದೆಯೆಂದು ಪಾದರಸಕ್ಕೆ ಭ್ರಮೆ. ಸಮತಟ್ಟು ಗ್ಯಾರೇಜಿನಲ್ಲಿ ಅದು ಸಿಕ್ಕಿಬೀಳದೇ ಇದ್ದದ್ದು ಅದಕ್ಕೇ. ಇಷ್ಟನ್ನೂ ಅವನ ಅಂಗಿಯ ಗುಂಡಿಗೆ ವಿವರಿಸಿ, ಸ್ವಿಚ್ಚಿನ ತಂತಿ ಬಿಡಿಸಿ, ಬ್ಯಾಗ್ ಎತ್ತಿಕೊಂಡು ಕಿಡಿ ಓಡಿದಂತೆ ದಿಬ್ಬ ಇಳಿದುಬಿಟ್ಟಳು.

ಆಮೇಲೆ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಜೋಡಿಸಿಟ್ಟ ಸ್ಪಾನರ್‌ಗಳನ್ನು ಮತ್ತೆ ಜೋಡಿಸಿದಳು. ಒಂದು ವ್ಯಾನಿಗೆ ಎಡದ ಇಂಡಿಕೇಟರ್ ಹಾಕಿದರೆ ಬಲದ್ದು ಮಿನುಗುವಂತೆ ವೈರ್ ಕೊಟ್ಟಳು. ರಸ್ತೆಯಲ್ಲಿ ನೀಲಿ ಬಣ್ಣ ಸುಳಿದರೆ ಸಾಕು, ಕೈಯಲ್ಲಿದ್ದದ್ದು ಜಾರುತ್ತಿತ್ತು. ದಿನಗಳು ಹೋದವು, ಅವನು ಬರಲಿಲ್ಲ.

“ಯಾಕೆ ಬರ್ತಾರೆ?” ಎಂದರು ಚಿಕ್ಕಪ್ಪ. ದಿಬ್ಬದ ಸುದ್ದಿ ಅವರನ್ನು ಆಗಲೇ ಮುಟ್ಟಿತ್ತು. “ಡಿಕ್ಕಿ ಹೊಡೆದೋರನ್ನ ನೋಡಿದ್ದೀನಿ, ಡಿಕ್ಕಿಯೊಳಗೆ ಕೂತು ಮನಸ್ಸು ಬಿಚ್ಚಿದೋರನ್ನ ನೋಡಿರ್ಲಿಲ್ಲ. ಅಂಥೋರಿಗೆ ‘ಇಳೀರಿ’ ಅಂದು ಬಂದಿದ್ದೀಯ. ಪಾಪ, ಇಳಿದಿದ್ದಾರೆ.”

“ನೀವು ಸುಮ್ನಿರಿ ಚಿಕ್ಕಪ್ಪ.”

“ನಾನು ಸುಮ್ನೇ ಇರ್ತೀನಿ. ನಿನ್ನ ಕೈಲಿ ಆಗ್ತಿದೆಯಾ?”

ಆಗುತ್ತಿರಲಿಲ್ಲ. ಆ ಸಂಜೆ ಅವಳು ಕೈ ತೊಳೆದು ದಿಬ್ಬದ ಕಡೆ ಹೊರಡಲೆಂದು ಗೇಟಿನವರೆಗೆ ಬಂದಳು, ಏನು ಹೇಳುವುದೆಂದು ತಿಳಿಯದೆ ವಾಪಸಾದಳು. ಮತ್ತೆ ಹೊರಟಳು. ಎರಡನೇ ಸಲ ಗೇಟು ಮುಟ್ಟಿದಾಗ ನೀಲಿ ಕಾರು ತನ್ನ ಕಾಲ ಮೇಲೆ ತಾನೇ ಬಂದು ಎದುರಿಗೆ ನಿಂತಿತು.

ಅವನು ಇಳಿದ. ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು, ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು.

“ಕಾರಿಗೆ ಏನಾಯ್ತು?” ಅವಳ ಕೈ ಆಗಲೇ ಬಾನೆಟ್ಟಿನ ಮೇಲಿತ್ತು.

“ಏನೂ ಆಗಿಲ್ಲ. ಅಕ್ಕನಿಗೆ ನೋವು ಶುರುವಾದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ.” ಸ್ವಲ್ಪ ತಡೆದ. “ಮೊದ್ಲು ನಿಮಗೇ ಹೇಳ್ಬೇಕು ಅನ್ನಿಸ್ತು. ಬೇರೇನೂ ಕೇಳೋಕೆ ಬಂದಿಲ್ಲ. ನೀವು ಉತ್ತರ ಕೊಡ್ಲಿಲ್ಲ, ಅದೂ ಒಂದು ಉತ್ತರಾನೇ.”

ಅವನು ತಿರುಗಿದ. ಕಾರಿನ ಬಾಗಿಲಿಗೆ ಕೈ ಹಾಕಿದ.

“ನಿಮ್ಮ ಕಾರ್ ಕೆಡ್ಲಿ ಅಂತ ಬೇಡ್ಕೊಂಡೆ,” ಎಂದಳು ಕಿಡಿ.

ಅವನ ಕೈ ನಿಂತಿತು.

“ಆಮೇಲೆ ಅಕ್ಕನ ನೆನಪಾಗಿ, ಕೆಡೋದು ಬೇಡಪ್ಪಾ ಅಂತ ಬೇಡ್ಕೊಂಡೆ. ಬೆಳಗ್ಗೆ ಅದು, ಸಂಜೆ ಇದು. ಎರಡನ್ನೂ ಬೇಡಿ ಬೇಡಿ ನನ್ನ ತಲೆ ಕೆಟ್ಟೋಯ್ತು. ಒಬ್ಬರ ವ್ಯಾನಿನ ಇಂಡಿಕೇಟರ್ ಕೂಡ ಕೆಡಿಸ್ದೆ.” ಅವಳು ಕೈಯನ್ನು ಅವನ ಮುಂದೆ ಚಾಚಿದಳು. “ನಾನು ಈ ಕೆಲಸ ಬಿಡಲ್ಲ. ಈ ಉಗುರು ಹೀಗೇ ಇರುತ್ತೆ. ಅದನ್ನ ಮೊದ್ಲೇ ಹೇಳ್ಬಿಡ್ತೀನಿ.”

“ನೀವು ಕೆಲಸ ಬಿಟ್ರೆ ನಾನು ನೋಡ್ಕೊಂಡು ನಿಂತಿರೋದು ಏನನ್ನ?”

ಕಿಡಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿದವು. ಅವನು ಹತ್ತಿರ ಬಂದ. ಈ ಸಲ ಹೆಜ್ಜೆ ಹಿಂದೆ ಇಡಲಿಲ್ಲ. ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡ. ಟೈರಿನ ಮೇಲೆ ಕೂತಿದ್ದ ಚಿಕ್ಕಪ್ಪ ಬೆನ್ನು ತಿರುಗಿಸಿ, ಯಾರೂ ಕೇಳದಿದ್ದರೂ ಒಂದು ಹಾಡು ಗುನುಗತೊಡಗಿದರು.

“ಇನ್ಮೇಲೆ ಕಾರ್ ಕೆಡದೇ ಇದ್ರೂ ಬರ್ಬಹುದಾ?” ಎಂದು ಕೇಳಿದ ಅವನು.

“ಬಾ,” ಎಂದಳು.

‘ಬನ್ನಿ’ ಎನ್ನಬೇಕಿದ್ದ ಬಾಯಿಗೆ ‘ಬಾ’ ಬಂದಿತ್ತು. ಅವನ ಕಣ್ಣಲ್ಲಿ ಅದು ಬೆಳಗಿದ್ದನ್ನು ಕಂಡು, ಅವಳು ಅದನ್ನು ತಿದ್ದಲು ಹೋಗಲಿಲ್ಲ.